ಕಟ್ಟೆಗಾರನ ಪರದೆ

"ಕೇಳುವವರು ಯಾರೂ ಇಲ್ಲದ ಕಡೆ ನಿಜ ಹೇಳಿ ಏನು ಪ್ರಯೋಜನ?" ಎಂದು ಶಿಷ್ಯ ಗುರುವನ್ನು ಕೇಳಿದ.

ಅವನು ನೇಕಾರರ ಸಂಘವೊಂದರ ಸದಸ್ಯ. ಸಂಘದಲ್ಲಿ ನಡೆಯುತ್ತಿದ್ದ ಒಂದು ಅನ್ಯಾಯದ ಬಗ್ಗೆ ಮೂರು ವರ್ಷದಿಂದ ಸಂಘದ ಕಾರ್ಯದರ್ಶಿಗೆ ಕಾಗದ ಬರೆಯುತ್ತಿದ್ದ. ಇದನ್ನು ಸದಸ್ಯರೆಲ್ಲರ ಮುಂದೆ ಓದಬೇಕು ಎಂದು ಪ್ರತಿಸಲವೂ ಕೋರುತ್ತಿದ್ದ. ಒಬ್ಬರಿಂದಲೂ ಉತ್ತರ ಬಂದಿರಲಿಲ್ಲ. ಇನ್ನು ಬರೆಯುವುದಿಲ್ಲ ಎಂದು ನಿರ್ಧಾರ ಮಾಡಿಕೊಂಡೇ ಗುರುವಿನ ಹತ್ತಿರ ಬಂದಿದ್ದ.

"ನಿರ್ಧಾರ ಆಗಿದ್ದರೆ ಪ್ರಶ್ನೆ ಯಾಕೆ?" ಎಂದರು ಗುರು.

ಶಿಷ್ಯ ಹೊರಡಲು ಎದ್ದ.

"ಕೂತುಕೋ" ಎಂದು ಹೇಳಿ ಗುರು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕಟ್ಟೆಗಾರನಿದ್ದ. ಜನ ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಒಂದೆಡೆ ಸೇರಿ ಪ್ರಶ್ನೆ ಕೇಳುವ, ಉತ್ತರ ಹೇಳುವ, ವಾದ ಮಾಡುವ ಚರ್ಚಾಕಟ್ಟೆಗಳಿರುತ್ತವಲ್ಲ, ಅಂಥವನ್ನು ನೋಡಿಕೊಳ್ಳುವುದು ಅವನ ಕಸುಬು. ಯಾವ ಕಂಪನಿಯ ನೌಕರನೂ ಅಲ್ಲ. ಮನೆಯ ನಡುಕೋಣೆಯಲ್ಲಿ ಮೇಜು ಹಾಕಿಕೊಂಡು, ಆರು ಜನ ಯಜಮಾನರ ಆರು ಕಟ್ಟೆಗಳನ್ನು ವರ್ಷದ ಕರಾರಿನ ಮೇಲೆ ನಡೆಸುತ್ತಿದ್ದ. ಒಂದು ಹಾರ್ಮೋನಿಯಂ ರಿಪೇರಿ ಮಾಡುವವರದು. ಒಂದು ಹಳೆಯ ಸ್ಕೂಟರ್ ಇಟ್ಟುಕೊಂಡವರದು. ಒಂದು ಇಲಾಖಾ ಪರೀಕ್ಷೆಗೆ ಓದುವ ಗುಮಾಸ್ತರದು. ಎಲ್ಲಕ್ಕಿಂತ ದೊಡ್ಡದು ರೇಷ್ಮೆಹುಳು ಸಾಕುವವರದು. ಅದರಲ್ಲಿ ಸಾವಿರದ ಎಂಟುನೂರು ಜನರಿದ್ದರು. ಕಟ್ಟೆಗಾರನ ಅರ್ಧ ಸಂಸಾರ ನಡೆಯುತ್ತಿದ್ದುದು ಅದೊಂದರಿಂದ.

ಬೆಳಿಗ್ಗೆ ಎದ್ದವನೇ ಅವನು ಕಟ್ಟೆ ಗುಡಿಸುತ್ತಿದ್ದ. ಬೊಕ್ಕತಲೆಗೆ ಕೂದಲು ಬರಿಸುತ್ತೇವೆ, ಕೂತಲ್ಲೇ ಕೋಟಿ ಗಳಿಸಿ ಎಂದು ನುಗ್ಗಿ ಬರೆಯುವ ಜಾಹೀರಾತಿನವರನ್ನು ಆಚೆ ದೂಡುತ್ತಿದ್ದ. ಹೊಸಬರಿಗೆ ಬಾಗಿಲು ತೆರೆಯುತ್ತಿದ್ದ. ಒಂದೇ ಪ್ರಶ್ನೆಯನ್ನು ನಾಲ್ಕು ಕಡೆ ಕೇಳಿದ್ದರೆ ನಾಲ್ಕನ್ನೂ ಒಟ್ಟಿಗೆ ಸೇರಿಸುತ್ತಿದ್ದ. ತಾನು ಮಾತ್ರ ಒಂದು ಸಾಲೂ ಬರೆಯುತ್ತಿರಲಿಲ್ಲ. ಸ್ವಭಾವದಿಂದಲೇ ಮಾತು ಕಡಿಮೆ. ಕಟ್ಟೆ ನೋಡಿಕೊಳ್ಳುವವನು ತಾನೇ ಅದರ ಮೇಲೆ ಕೂರುವುದು ಸರಿಯಲ್ಲ ಎಂದು ಒಂದು ನಿಯಮವನ್ನೂ ಮಾಡಿಕೊಂಡಿದ್ದ.

ಹದಿಮೂರು ವರ್ಷದಲ್ಲಿ ಅವನ ಮೇಲೆ ಒಂದು ದೂರೂ ಬಂದಿರಲಿಲ್ಲ. ಅದಕ್ಕೆ ಕಾರಣ ಪರದೆ.

ಪರದೆ ಎನ್ನುವುದು ಆ ಕಸುಬಿನವರು ಬಲ್ಲ ಒಂದು ಉಪಾಯ. ಜಗಳಗಂಟನೊಬ್ಬನನ್ನು ಕಟ್ಟೆಯಿಂದ ಹೊರಗೆ ಹಾಕಿದರೆ ಅವನು ಸುಮ್ಮನಿರುವುದಿಲ್ಲ. ಬೇರೆ ಹೆಸರಿನಲ್ಲಿ ಬಂದು ಇನ್ನಷ್ಟು ಕೂಗಾಡುತ್ತಾನೆ. ಹಾಗಾಗಿ ಅವನ ಸುತ್ತ ಒಂದು ಪರದೆ ಎಳೆದುಬಿಡುತ್ತಾರೆ. ಅವನು ಎಂದಿನಂತೆ ಬರೆಯುತ್ತಾನೆ. ಬರೆದದ್ದು ಅವನಿಗೆ ಕಾಣುತ್ತದೆ. ಬೇರೆಯವರು ಬರೆದದ್ದೂ ಕಾಣುತ್ತದೆ. ಆದರೆ ಅವನು ಬರೆದದ್ದು ಮಾತ್ರ ಬೇರೆ ಯಾರಿಗೂ ಕಾಣುವುದಿಲ್ಲ. ಕಾಣದ ಮೇಲೆ ಉತ್ತರ ಕೊಡುವವರು ಯಾರು? ನಾಲ್ಕು ದಿನ ನೋಡುತ್ತಾನೆ. ಇವರಿಗೆ ನನ್ನ ಮಾತೇ ಬೇಡವಾಗಿದೆ ಎಂದುಕೊಂಡು ತಾನಾಗಿ ಎದ್ದು ಹೋಗುತ್ತಾನೆ. ಕೂಗಾಟವಿಲ್ಲ, ರಂಪವಿಲ್ಲ. ಒಳಗೂ ಹೊರಗೂ ನೋಡಬಲ್ಲವನು ಕಟ್ಟೆಗಾರ ಒಬ್ಬನೇ.

ಇದು ಬಹಳ ಸಭ್ಯವಾದ ಉಪಾಯ ಎಂದು ಅವನು ನಂಬಿದ್ದ. ಪರದೆಯ ಒಳಗೆ ಯಾರು ಏನು ಬರೆಯುತ್ತಾರೆ ಎಂದು ಇಣುಕಿ ನೋಡುವ ಗೋಜಿಗೂ ಹೋಗುತ್ತಿರಲಿಲ್ಲ.

ರೇಷ್ಮೆ ಕಟ್ಟೆಯ ಯಜಮಾನ ಚಾಕಿ ಕೇಂದ್ರ ನಡೆಸುತ್ತಿದ್ದ. ಮೊಟ್ಟೆಯಿಂದ ಮರಿ ಮಾಡಿಸಿ, ಎರಡನೆಯ ಜ್ವರದವರೆಗೆ ಸಾಕಿ, ಆಮೇಲೆ ಹುಳುಗಳನ್ನು ರೈತರಿಗೆ ಮಾರುವ ಕೇಂದ್ರ ಅದು. ಹುಳು ಮೇವು ಬಿಟ್ಟು, ಚರ್ಮ ಕಳಚಲು ಅಲುಗಾಡದೆ ಕೂರುವ ಹೊತ್ತಿಗೆ ಆ ಕಡೆಯವರು ಜ್ವರ ಎನ್ನುತ್ತಾರೆ. ಯಜಮಾನ ಕೆಟ್ಟ ಮನುಷ್ಯನೇನಲ್ಲ. ತನ್ನ ಹುಳು ಒಯ್ದವರು ಒಬ್ಬರಿಗೊಬ್ಬರು ನೆರವಾಗಲಿ ಎಂದೇ ಕಟ್ಟೆ ಮಾಡಿಸಿದ್ದ.

ಆ ಕಟ್ಟೆಯಲ್ಲಿ ಮುನಿರತ್ನಮ್ಮ ಎಂಬ ಹೆಂಗಸಿದ್ದಳು. ಈ ಕತೆಯಲ್ಲಿ ಹೆಸರು ಹೇಳಿ ಕರೆಯಬೇಕಾದವಳು ಅವಳೊಬ್ಬಳೇ. ಇಪ್ಪತ್ತೆರಡು ವರ್ಷದಿಂದ ಹುಳು ಸಾಕಿದವಳು. ಹೊಸಬರು ಏನು ಕೇಳಿದರೂ ಮೊದಲು ಉತ್ತರ ಕೊಡುತ್ತಿದ್ದಳು. ಎದುರಿಗೆ ಕೂತು ಹೇಳಿದ ಹಾಗೇ ಬರೆಯುತ್ತಿದ್ದಳು. ನಡುನಡುವೆ ಬೈಯುತ್ತಿದ್ದಳು. "ಒದ್ದೆ ಸೊಪ್ಪು ಹಾಕ್ಬೇಡ ಅಂತ ಹೋದ ತಿಂಗಳೇ ಹೇಳಿದ್ನಲ್ಲಪ್ಪ, ಕಿವಿ ಎಲ್ಲಿ ಮಡಗಿದ್ದೆ?" ಎಂದು ಯಾರಿಗೋ ಬರೆದದ್ದನ್ನು ಓದಿ ಕಟ್ಟೆಗಾರ ಒಬ್ಬನೇ ನಕ್ಕಿದ್ದೂ ಉಂಟು.

ಒಂದು ಬೆಳಿಗ್ಗೆ ಅವಳು ಹೀಗೆ ಬರೆದಳು.

"ಅಣ್ಣಂದಿರೇ, ಅಕ್ಕಂದಿರೇ, ಮೂರು ದಿನದ ಹಿಂದೆ ನಮ್ಮ ಕಟ್ಟೆ ಯಜಮಾನರ ಕೇಂದ್ರದಿಂದ ಹುಳ ತಂದೋರು ಒಂದ್ಸಲ ನಿಮ್ಮ ಹುಳ ನೋಡ್ಕೊಳ್ಳಿ. ನನ್ನವು ಒಂದೇ ಸಮ ಬೆಳೀತಿಲ್ಲ. ಅರ್ಧ ಜ್ವರಕ್ಕೆ ಕೂತಿವೆ, ಅರ್ಧ ಇನ್ನೂ ಮೇಯ್ತಾವೆ. ಮೈಮೇಲೆ ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಚುಕ್ಕೆ. ನನಗೆ ಗಂಟುರೋಗ ಅನ್ನಿಸ್ತದೆ. ನಿಮ್ಮಲ್ಲೂ ಹಿಂಗೇ ಇದೆಯಾ, ಹೇಳಿ."

ಗಂಟುರೋಗ ಮೊಟ್ಟೆಯಿಂದಲೇ ಬರುವ ರೋಗ. ತಗುಲಿದ ಹುಳು ಗೂಡು ಕಟ್ಟುವುದಿಲ್ಲ. ಬೇಗ ಗುರುತಿಸಿ, ಹುಳು ಸುಟ್ಟು, ಹುಳುಮನೆಯನ್ನು ತೊಳೆದರೆ ಒಂದು ಬೆಳೆಯ ನಷ್ಟದಲ್ಲಿ ಮುಗಿಯುತ್ತದೆ. ಇಲ್ಲದಿದ್ದರೆ ಅದು ಹುಳುಮನೆಯಲ್ಲೇ ಉಳಿದು ಮುಂದಿನ ಬೆಳೆಗೂ ಅಂಟುತ್ತದೆ. ಆ ಸರದಿಯ ಹುಳು ಅರವತ್ತು ಮನೆಗಳಿಗೆ ಹೋಗಿತ್ತು.

ಅವಳ ಮಾತು ಬೇರೆ ಯಾರ ಕಣ್ಣಿಗೂ ಬೀಳುವ ಮೊದಲು ಯಜಮಾನನ ಫೋನು ಬಂತು.

"ಏನಪ್ಪಾ, ಆಯಮ್ಮ ಬರೆದಿರೋದು ನೋಡಿದ್ಯಾ?"

"ನೋಡಿದೆ."

"ಅಳಿಸ್ಬೇಡ. ಅಳಿಸಿದ್ರೆ ಊರೂರು ಡಂಗುರ ಹೊಡೀತಾಳೆ. ನಿನ್ನ ಪರದೆ ಎಳೆದುಬಿಡು. ನಾನು ಹುಳ ಪರೀಕ್ಷೆಗೆ ಕಳಿಸ್ತೀನಿ. ಏನೂ ಇಲ್ಲ ಅಂತ ಗೊತ್ತಾದಮೇಲೆ ತೆಗೆದ್ರಾಯ್ತು. ಸುಮ್ನೆ ಜನ ಗಾಬರಿ ಬೀಳೋದು ಯಾಕೆ?"

ಮಾತು ನ್ಯಾಯವಾಗಿಯೇ ಕೇಳಿಸಿತು. ಕಟ್ಟೆಗಾರ ಪರದೆ ಎಳೆದ.

ಮರುದಿನ ಬೇರೆ ಕೆಲಸಕ್ಕೆಂದು ಒಳಗೆ ಹೋದಾಗ ಅವಳ ಹೊಸ ಸಾಲು ಕಣ್ಣಿಗೆ ಬಿತ್ತು. "ಯಾರೂ ನೋಡಿಲ್ಲ ಅಂತ ಕಾಣ್ತದೆ. ಮದುವೆ ಮುಂಜಿ ಕಾಲ. ಬಿಡುವಾದಾಗ ನೋಡಿ."

ಮೂರನೆಯ ದಿನ ಅವನು ತಾನಾಗಿಯೇ ಇಣುಕಿದ. "ನಿನ್ನೆ ಸೊಪ್ಪಿನ ರೇಟಿನ ವಿಷಯಕ್ಕೆ ಮೂವತ್ತು ಜನ ಮಾತಾಡಿದ್ದೀರ. ನನ್ನ ಮಾತು ಕಣ್ಣಿಗೆ ಬೀಳಲಿಲ್ವಾ, ಬಿದ್ದೂ ಬೇಡವಾಯ್ತಾ?"

ನಾಲ್ಕನೆಯ ದಿನ ಅವಳು ಬರೆದದ್ದು ಇಷ್ಟು. "ನಾನು ಬೈದಿದ್ದಕ್ಕೆ ಬೇಜಾರಾಗಿದ್ರೆ ಅದನ್ನೇ ಹೇಳಿ. ನಂದು ಬಾಯಿ ಸ್ವಲ್ಪ ಜೋರು. ಮನಸ್ಸಿನಲ್ಲಿ ಇಟ್ಕೋಬೇಡಿ. ಹುಳದ ಮೇಲೆ ಸಿಟ್ಟು ತೀರಿಸ್ಬೇಡಿ."

ಕಟ್ಟೆಗಾರ ಮೇಜು ಬಿಟ್ಟು ಎದ್ದ. ಸ್ವಲ್ಪ ಹೊತ್ತು ಅಡ್ಡಾಡಿ ಬಂದು ಮತ್ತೆ ಓದಿದ. ಪರದೆ ಎಳೆದವನು ಇವನು. ತಪ್ಪು ಹುಡುಕಿಕೊಳ್ಳುತ್ತಿದ್ದವಳು ಅವಳು.

ಐದನೆಯ ದಿನ ಹೀಗೆ ಬರೆದಿದ್ದಳು. "ಸರಿ. ನನ್ನ ಹತ್ರ ಮಾತು ಬೇಡ. ನಿಮ್ಮ ಹುಳ ಮಾತ್ರ ನೋಡ್ಕೊಳ್ಳಿ. ಚುಕ್ಕೆ ಕಂಡ್ರೆ ಆಸೆ ಪಡದೆ ಸುಟ್ಟುಬಿಡಿ, ಮನೆ ತೊಳೀರಿ. ನೀವು ಓದೋವರೆಗೂ ದಿನಾ ಬರೀತೀನಿ. ನನಗೇನು ಕೈ ನೋಯಲ್ಲ."

ಹದಿಮೂರು ವರ್ಷದಲ್ಲಿ ಅವನು ಎಷ್ಟೋ ಜನರ ಸುತ್ತ ಪರದೆ ಎಳೆದಿದ್ದ. ಬೈದವರಿದ್ದರು, ಎದ್ದು ಹೋದವರಿದ್ದರು ಎಂದು ಅವನ ಊಹೆ. ತನಗೆ ಬೆನ್ನು ತಿರುಗಿಸಿದವರ ಹುಳುವಿಗಾಗಿ ಹಟ ಹಿಡಿದು ಕೂತವರು ಅವರಲ್ಲಿ ಯಾರಾದರೂ ಇದ್ದರೇ? ಅವನಿಗೆ ಗೊತ್ತಿರಲಿಲ್ಲ. ಅವನು ನೋಡಿರಲಿಲ್ಲ.

ಅವನು ಯಜಮಾನನಿಗೆ ಫೋನು ಮಾಡಿದ.

"ಆಕೆ ಇನ್ನೂ ಬರೆಯುತ್ತಿದ್ದಾರೆ."

"ಬರೀಲಿ ಬಿಡಪ್ಪ. ಬೇಡ ಅಂದ್ನಾ ನಾನು? ಆಯಮ್ಮನ ಕೈ ಯಾರು ಹಿಡ್ಕೊಂಡಿದ್ದಾರೆ?"

"ಓದುವವರು ಯಾರೂ ಇಲ್ಲವಲ್ಲ."

"ನೀನಿದ್ದೀಯಲ್ಲ, ಓದು."

ಯಜಮಾನ ತನ್ನ ಮಾತಿಗೆ ತಾನೇ ನಕ್ಕ. ಕಟ್ಟೆಗಾರ ನಗಲಿಲ್ಲ.

"ಹುಳು ಪರೀಕ್ಷೆಗೆ ಕಳಿಸಿದಿರಾ?"

"ಕಳಿಸೋಣ, ಕಳಿಸೋಣ. ನಿನಗ್ಯಾಕೆ ಅವಸರ? ನೀನು ಹುಳ ಸಾಕಿದ್ದೀಯಾ?"

"ಓದು ಅಂದಿರಲ್ಲ, ಓದಿದೆ. ಅದಕ್ಕೇ ಫೋನು ಮಾಡಿದ್ದು. ಪರದೆ ತೆಗೆಯುತ್ತಿದ್ದೇನೆ."

ಯಜಮಾನನ ದನಿ ಏರಲಿಲ್ಲ. "ತೆಗಿ. ಕಟ್ಟೆ ನಡೆಸೋ ಕೀಲಿಕೈ ಬೇರೆಯವರಿಗೆ ಕೊಡೋಕೆ ನನಗೆ ಹತ್ತು ನಿಮಿಷ ಸಾಕು. ನಿನ್ನ ಮಿಕ್ಕ ಯಜಮಾನರೆಲ್ಲ ನನಗೆ ಗೊತ್ತಿರೋರೇ ಅನ್ನೋದನ್ನೂ ನೆನಪಿಟ್ಕೋ."

"ನೆನಪಿದೆ" ಎಂದು ಕಟ್ಟೆಗಾರ ಫೋನು ಇಟ್ಟ.

ಅವನು ಪರದೆ ತೆಗೆದ. ತನ್ನ ನಿಯಮವನ್ನು ಮುರಿದು ಮೊದಲ ಸಲ ಕಟ್ಟೆಯಲ್ಲಿ ಸ್ವಂತ ಹೆಸರು ಹಾಕಿ ಬರೆದ. "ಮುನಿರತ್ನಮ್ಮನವರ ಮಾತನ್ನು ಐದು ದಿನ ನಿಮಗೆ ಕಾಣದಂತೆ ಮುಚ್ಚಿದವನು ನಾನು. ಯಜಮಾನರು ಹೇಳಿದರು, ನಾನು ಮಾಡಿದೆ. ತಪ್ಪು ಇಬ್ಬರದೂ. ಈಗ ತೆಗೆದಿದ್ದೇನೆ. ಓದಿಕೊಳ್ಳಿ, ನಿಮ್ಮ ಹುಳು ನೋಡಿಕೊಳ್ಳಿ."

ಹತ್ತು ನಿಮಿಷಕ್ಕೆ ಸರಿಯಾಗಿ ಅವನ ಕೀಲಿಕೈ ಕೆಲಸ ನಿಲ್ಲಿಸಿತು. ಅದು ಅವನು ನಿರೀಕ್ಷಿಸಿದ್ದೇ. ಈಗ ಅವನೂ ಎಲ್ಲರ ಹಾಗೆ ಒಬ್ಬ ಸದಸ್ಯ. ತಾನು ಬರೆದದ್ದನ್ನು ತೆರೆದಿಟ್ಟುಕೊಂಡು ಉತ್ತರಕ್ಕೆ ಕಾದ.

ಮಧ್ಯಾಹ್ನವಾಯಿತು. ಯಾರೂ ಒಂದು ಮಾತು ಬರೆಯಲಿಲ್ಲ. ಸಂಜೆಯವರೆಗೂ ಕಾದ. ಸೊಪ್ಪಿನ ರೇಟಿಗೆ ಮಾತಾಡಿದರು, ಸುಣ್ಣದ ಪುಡಿಗೆ ಮಾತಾಡಿದರು. ಅವನ ಮಾತಿನ ಕೆಳಗೆ ಜಾಗ ಖಾಲಿ ಇತ್ತು. ಕಟ್ಟೆಗಾರನಿಗೆ ಆ ಸಾವಿರದ ಎಂಟುನೂರು ಜನರ ಮೇಲೆ ಸಿಟ್ಟು ಬಂತು. ಇಂಥವರಿಗಾಗಿ ಅನ್ನ ಕಳೆದುಕೊಂಡೆನೇ? ಮುನಿರತ್ನಮ್ಮ ಇಂಥವರಿಗಾಗಿಯೇ ಕೂತು ಬರೆದಳೇ? ಕಲ್ಲುಗಳು, ಎಂದುಕೊಂಡ. ಹಾಗೆಂದುಕೊಂಡೇ ಮಲಗಿದ.

ಬೆಳಿಗ್ಗೆ ಎದ್ದಾಗ ಅವಳ ನೆನಪಾಯಿತು. ದಿನಾ ಬರೆಯುತ್ತೇನೆ ಎಂದಿದ್ದಳಲ್ಲ, ಇವತ್ತೇನು ಬರೆದಿದ್ದಾಳೆ ನೋಡೋಣ ಎಂದು ಕಟ್ಟೆ ತೆರೆದ. ಅವಳ ಹೊಸ ಮಾತು ಇರಲಿಲ್ಲ. ಹಳೆಯ ಐದೂ ಇರಲಿಲ್ಲ.

ಅವಳು ನಿಲ್ಲಿಸುವವಳಲ್ಲ. ಹಾಗಾದರೆ ಹೊಸ ಕಟ್ಟೆಗಾರ ಅವಳ ಸುತ್ತ ಪರದೆಯನ್ನು ಮತ್ತೆ ಎಳೆದಿದ್ದಾನೆ. ಕಟ್ಟೆಗಾರನಿಗೆ ತನ್ನ ಮಾತಿನ ಕೆಳಗಿನ ಖಾಲಿ ಜಾಗ ನೆನಪಾಯಿತು. ಆಮೇಲೆ ಅಡುಗೆಮನೆಗೆ ಹೋಗಿ ಹೆಂಡತಿಯ ಫೋನು ಕೇಳಿದ. ಅದರಲ್ಲಿ ಕಟ್ಟೆ ತೆರೆದು, ಮೇಲಿನಿಂದ ಕೆಳಗಿನವರೆಗೆ ನೋಡಿದ.

"ಏನು ಹುಡುಕ್ತಿದ್ದೀರಿ?" ಎಂದಳು ಹೆಂಡತಿ.

"ನನ್ನನ್ನು."

"ಇದ್ದೀರಾ?"

"ಇಲ್ಲ."

ಎಳೆದ ಪರದೆ ಬಿದ್ದಿದೆಯೋ ಇಲ್ಲವೋ ಎಂದು ಹೊರಗೆ ನಿಂತು ನೋಡಬೇಕು. ಅದು ಆ ಕಸುಬಿನ ಮೊದಲ ಪಾಠ. ಹದಿಮೂರು ವರ್ಷ ಅದನ್ನು ಪಾಲಿಸಿದವನು ತನ್ನ ಸುತ್ತ ಬಿದ್ದಾಗ ಒಳಗೇ ಕೂತು ಒಂದು ಹಗಲೆಲ್ಲ ಜನರನ್ನು ಬೈದಿದ್ದ. ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ ರೋಷ ಬಂತು. ಯಜಮಾನನ ಮೇಲೆ ಬಂದದ್ದಕ್ಕಿಂತ ಹೆಚ್ಚು ತನ್ನ ಮೇಲೆ ಬಂತು.

ಹೊರಗೆ ಬರಲು ಅವನಿಗೆ ದಾರಿಗಳು ಗೊತ್ತಿದ್ದವು. ಬೇರೆ ಹೆಸರಿನಲ್ಲಿ ಹೋಗಬಹುದಿತ್ತು. ಹೋದರೆ ಅದನ್ನೂ ಗಂಟೆಯೊಳಗೆ ಮುಚ್ಚುತ್ತಾರೆ. ತಾನಾಗಿದ್ದರೂ ಅದನ್ನೇ ಮಾಡುತ್ತಿದ್ದ. ಅವನು ಅಂಗಿ ಹಾಕಿಕೊಂಡು ಬಸ್ಸು ಹತ್ತಿದ. ರೇಷ್ಮೆಗೂಡಿನ ಮಾರುಕಟ್ಟೆಯ ಮುಂದೆ ಇಳಿದ.

ರೈತರು ಗೂಡಿನ ಕ್ರೇಟುಗಳನ್ನು ಹೊತ್ತು ಒಳಗೆ ಹೋಗುತ್ತಿದ್ದರು. ಗೂಡು ಕೊಳ್ಳುವ ರೀಲರುಗಳು ಟೀ ಕುಡಿಯುತ್ತಿದ್ದರು. ಸಾವಿರದ ಎಂಟುನೂರು ಜನರ ಬರವಣಿಗೆ ಗೊತ್ತಿದ್ದವನಿಗೆ ಅಲ್ಲಿ ಒಂದು ಮುಖದ ಗುರುತೂ ಇರಲಿಲ್ಲ. ಒಟ್ಟಿಗೆ ಮೂರು ಜನರ ಎದುರು ಮಾತಾಡಿ ಅಭ್ಯಾಸವಿಲ್ಲದ ಮನುಷ್ಯ. ಗೇಟಿನ ಪಕ್ಕ ನಿಂತು, ಹೋಗುವವರನ್ನು ಒಬ್ಬೊಬ್ಬರನ್ನಾಗಿ ತಡೆದು, ಇಂಥ ಚಾಕಿ ಕೇಂದ್ರದ ಹುಳು ತಂದಿದ್ದೀರಾ ಎಂದು ಕೇಳತೊಡಗಿದ.

ಮೊದಲನೆಯವನು, "ಇನ್ಶೂರೆನ್ಸಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ನಡೆದುಬಿಟ್ಟ.

ಎರಡನೆಯವನು, "ಬೇಡಪ್ಪ, ಮನೇಲಿದೆ" ಎಂದ. ಏನು ಬೇಡ, ಏನು ಇದೆ ಎಂದು ಹೇಳಲಿಲ್ಲ.

ಮೂರನೆಯವನು ತಲೆಗೆ ಟವೆಲು ಸುತ್ತಿದ್ದ ಒಬ್ಬ ಮುದುಕ. ಅವನು ನಿಂತು ಪೂರ್ತಿ ಕೇಳಿಸಿಕೊಂಡ. ಕೇಳಿಸಿಕೊಂಡು, "ನೀನ್ ಹುಳ ಸಾಕಿದ್ದೀಯೇನಯ್ಯಾ?" ಎಂದ.

"ಇಲ್ಲ ತಾತ."

"ಮತ್ತೆ ಗಂಟುರೋಗದ ವಿಷ್ಯ ನಿಂಗೇನ್ ಗೊತ್ತು?"

"ನನಗೆ ಗೊತ್ತಿಲ್ಲ. ಮುನಿರತ್ನಮ್ಮನವರಿಗೆ ಗೊತ್ತು. ಅವರು ಹೇಳಿದ್ದನ್ನು ಮುಚ್ಚಿಟ್ಟವನು ನಾನು."

ಪಕ್ಕದಲ್ಲಿ ಹೋಗುತ್ತಿದ್ದ ಒಬ್ಬ ರೈತ ಕ್ರೇಟು ಕೆಳಗಿಟ್ಟ.

"ಯಾರು, ಕಟ್ಟೆಯ ಮುನಿರತ್ನಕ್ಕನಾ? ಆಯಕ್ಕ ನಮ್ ಮೇಲೆ ಮುನಿಸ್ಕೊಂಡವ್ರೆ ಅಂತ ಮಾತಾಡ್ಕೊಂಡಿದ್ವಲ್ಲ ನಾವು. ಒಂದ್ ವಾರ ಆಯ್ತು, ಒಂದ್ ಬೈಗುಳ ಇಲ್ಲ."

"ಕೇಳಬಾರದಿತ್ತೇ?"

"ಕೇಳೋಣ ಅಂದ್ಕಂಡೆ. ಬೈತಾರೆ ಅಂತ ಸುಮ್ನಾದೆ."

ಕಟ್ಟೆಗಾರ ಅವನ ಮುಖವನ್ನೇ ನೋಡಿದ. ಪರದೆಯ ಆ ಕಡೆ ಅವಳು ಇವರೆಲ್ಲ ಮುನಿದಿದ್ದಾರೆ ಎಂದು ಕೂತಿದ್ದಳು. ಈ ಕಡೆ ಇವರು ಅವಳು ಮುನಿದಿದ್ದಾಳೆ ಎಂದು ಕೂತಿದ್ದರು. ಮುನಿದವರು ಯಾರೂ ಇರಲಿಲ್ಲ.

"ಅವರು ಮುನಿದಿಲ್ಲ. ದಿನಾ ಬರೆದಿದ್ದಾರೆ. ಏನು ಬರೆದಿದ್ದಾರೆ ಹೇಳುತ್ತೇನೆ, ನಿಲ್ಲಿ" ಎಂದ.

ಐದೂ ದಿನದ ಮಾತು ಅವನಿಗೆ ಬಾಯಿಪಾಠವಾಗಿತ್ತು. ಮೊದಲನೆಯದರಿಂದ ಶುರು ಮಾಡಿ, ಒಂದಕ್ಷರ ಬಿಡದೆ, ಅವಳ ಮಾತಿನಲ್ಲೇ ಹೇಳಿದ. ದನಿ ಮೊದಲು ಸಣ್ಣದಾಗಿತ್ತು. ಮುದುಕ, "ಗಟ್ಟಿಯಾಗಿ ಹೇಳಯ್ಯಾ, ಹಿಂದಿನೋರಿಗೆ ಕೇಳಲ್ಲ" ಎಂದ ಮೇಲೆ ಏರಿತು. ಕಾಳುಮೆಣಸಿನ ಪುಡಿ ಎಂದಾಗ ಇಬ್ಬರು ಮುಖ ಮುಖ ನೋಡಿಕೊಂಡರು. ನಂದು ಬಾಯಿ ಜೋರು ಎಂದಾಗ ಯಾರೋ ನಕ್ಕರು. ಹುಳದ ಮೇಲೆ ಸಿಟ್ಟು ತೀರಿಸಬೇಡಿ ಎಂಬಲ್ಲಿಗೆ ಬಂದಾಗ ನಗು ನಿಂತಿತ್ತು.

ಅಷ್ಟರಲ್ಲಿ ಚಾಕಿ ಕೇಂದ್ರದ ಗುಮಾಸ್ತ ಜನರನ್ನು ಸರಿಸಿಕೊಂಡು ಬಂದ. "ಏಯ್, ಇಲ್ಲೆಲ್ಲ ಭಾಷಣ ಮಾಡೋ ಹಾಗಿಲ್ಲ. ಹೊರಗೆ ಹೋಗು."

"ಹೊರಗೇ ಇದ್ದೀನಿ. ಇದು ಗೇಟು" ಎಂದ ಕಟ್ಟೆಗಾರ.

"ನಿನ್ ಮೇಲೆ ಕೇಸ್ ಹಾಕಿಸ್ತೀನಿ."

"ಹಾಕಿಸಿ. ಅಲ್ಲಿ ಹೆಸರು, ವಿಳಾಸ ಕೇಳುತ್ತಾರೆ. ಎಲ್ಲ ಹೇಳುತ್ತೇನೆ. ಐದು ದಿನದ ಮಾತನ್ನೂ ಹೇಳುತ್ತೇನೆ. ಅವರು ಬರೆದುಕೊಳ್ಳಬೇಕಾಗುತ್ತದೆ."

ಮುದುಕ ಗುಮಾಸ್ತನ ಹೆಗಲ ಮೇಲೆ ಕೈಯಿಟ್ಟ. "ಹೋಗಪ್ಪ ಒಳಗೆ. ಇಲ್ಲಿ ಪರದೆ ಯಾವ ಕಂಬಕ್ಕೆ ಕಟ್ತೀಯ ನೀನು?"

ಆ ದಿನ ಕಟ್ಟೆಗಾರ ಅದೇ ಮಾತನ್ನು ಹದಿನಾಲ್ಕು ಸಲ ಹೇಳಿದ. ಮಾರುಕಟ್ಟೆ ಮುಗಿಯುವ ಹೊತ್ತಿಗೆ ದನಿ ಕಟ್ಟಿತ್ತು.

ಕೇಳಿದವರಲ್ಲಿ ಕೆಲವರು ಮನೆಗೆ ಹೋಗಿ ನೋಡಿದರು. ಕೆಲವರು ತಮ್ಮ ಅಣ್ಣನಿಗೆ, ಬೀಗರಿಗೆ ಹೇಳಿ ಕಳಿಸಿದರು. ಹನ್ನೊಂದು ಮನೆಗಳಲ್ಲಿ ಚುಕ್ಕೆ ಕಂಡಿತು. ಹುಳು ಒಯ್ದು ಸೂಕ್ಷ್ಮದರ್ಶಕದ ಕೆಳಗೆ ಇಡಿಸಿದರು. ಗಂಟುರೋಗವೇ. ಅವರು ಸುಟ್ಟರು, ತೊಳೆದರು. ಮಿಕ್ಕ ಮನೆಗಳಲ್ಲಿ ಕೆಲವಕ್ಕೆ ಸುದ್ದಿ ತಡವಾಗಿ ಹೋಯಿತು. ಕೆಲವಕ್ಕೆ ಹೋಗಲೇ ಇಲ್ಲ.

ಮಾರನೆಯ ದಿನ ಕಟ್ಟೆಗಾರ ಮುನಿರತ್ನಮ್ಮನ ಊರಿಗೆ ಹೋದ. ಅವಳು ಸೆರಗು ಸಿಕ್ಕಿಸಿಕೊಂಡು ಖಾಲಿ ಹುಳುಮನೆಗೆ ನೀರು ಹೊಡೆಯುತ್ತಿದ್ದಳು. ಅವನು ಬಾಗಿಲಲ್ಲಿ ನಿಂತು ತಾನು ಯಾರೆಂದು ಹೇಳಿದ. ಮಾಡಿದ್ದನ್ನು ಹೇಳಿದ. ಅವಳು ನೀರು ಹೊಡೆಯುವುದನ್ನು ನಿಲ್ಲಿಸಲಿಲ್ಲ.

"ನಾನು ಬರೆದದ್ದು ಯಾರಿಗೂ ಕಾಣ್ತಿರಲಿಲ್ಲ ಅನ್ನಿ."

"ಇಲ್ಲ."

"ನಿಮಗೆ?"

"ಕಾಣುತ್ತಿತ್ತು."

"ದಿನಾ ಓದ್ತಿದ್ರಾ?"

"ಓದುತ್ತಿದ್ದೆ."

ಅವಳು ಪೈಪು ಕೆಳಗೆ ಬಿಟ್ಟು ಅವನ ಕಡೆ ತಿರುಗಿದಳು. "ಓದೋರು ಒಬ್ಬರಿದ್ರಲ್ಲ ಸ್ವಾಮಿ. ಒಂದ್ ಮಾತು ಹೇಳೋಕೆ ಏನಾಗಿತ್ತು?"

ಅವಳು ಕ್ಷಮಿಸಿದೆ ಎನ್ನಲಿಲ್ಲ. ಕೂತುಕೊಳ್ಳಿ ಎಂದೂ ಅನ್ನಲಿಲ್ಲ. ಮೂಲೆಯಲ್ಲಿದ್ದ ಬ್ಲೀಚಿಂಗ್ ಪುಡಿಯ ಚೀಲ ತೋರಿಸಿ, "ಬಂದಿದ್ದೀರಲ್ಲ, ಅದನ್ನ ಎತ್ತಿ ಕೊಡಿ" ಎಂದಳು. ಅವನು ಎತ್ತಿಕೊಟ್ಟ. ಸಂಜೆಯವರೆಗೂ ಇಬ್ಬರೂ ಹುಳುಮನೆ ತೊಳೆದರು.

ಆಮೇಲೆ ಕಟ್ಟೆಯಲ್ಲಿ ಒಂದು ವಿಚಿತ್ರ ನಡೆಯಿತು. ಮಾರುಕಟ್ಟೆಯಲ್ಲಿ ಕೇಳಿಸಿಕೊಂಡವರು ಅಲ್ಲಿ ಹೋಗಿ ಪ್ರಶ್ನೆ ಕೇಳಿದರು. ಕೇಳಿದವರ ಸುತ್ತೆಲ್ಲ ಪರದೆ ಬಿತ್ತು. ಅವರ ನೆಂಟರು ಕೇಳಿದರು. ಅವರ ಸುತ್ತಲೂ ಬಿತ್ತು. ಮೂರು ತಿಂಗಳಲ್ಲಿ ಆ ಕಟ್ಟೆಯಲ್ಲಿ ಮಾತಾಡುವವರೆಲ್ಲ ಪರದೆಯ ಒಳಗಿದ್ದರು. ಹೊರಗೆ ಉಳಿದವರು ಯಜಮಾನ ಮತ್ತು ಅವನ ಗುಮಾಸ್ತ. ಯಜಮಾನ ಬೆಳಿಗ್ಗೆ ಸೊಪ್ಪಿನ ರೇಟು ಬರೆಯುತ್ತಿದ್ದ. ಗುಮಾಸ್ತ ಅದಕ್ಕೆ ನಮಸ್ಕಾರ ಹಾಕುತ್ತಿದ್ದ.

ರೈತರು ಪ್ರಶ್ನೆ ಕೇಳಲು, ಸಂತೆಗೆ ಬರುವಂತೆ ಮಾರುಕಟ್ಟೆಯ ಗೇಟಿಗೆ ಬರತೊಡಗಿದರು. ಮುನಿರತ್ನಮ್ಮ ಅಲ್ಲಿಗೇ ಬಂದು ಬೈಯುತ್ತಿದ್ದಳು.

ಕಟ್ಟೆಗಾರನ ಮಿಕ್ಕ ಐದು ಯಜಮಾನರಲ್ಲಿ ಮೂವರು ಕರಾರು ಮುರಿದರು. ಹಾರ್ಮೋನಿಯಂನವನು, "ಮುಚ್ಚಿಡೋ ಅಂಥದ್ದು ನಮ್ಮಲ್ಲಿ ಏನೂ ಇಲ್ಲ, ನೀನಿರಪ್ಪ" ಎಂದ. ಸ್ಕೂಟರಿನವನೂ ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಆ ಎರಡು ಕಟ್ಟೆಗಳಿಂದಲೂ ಕಟ್ಟೆಗಾರ ಪರದೆಯನ್ನು ಬುಡಸಮೇತ ಕಿತ್ತುಹಾಕಿದ. ಆಗಾಗ ಹೊಸಬರು ಕೆಲಸ ಕೊಡಲು ಬರುತ್ತಿದ್ದರು.

"ಪರದೆ ಹಾಕ್ತೀರಾ?"

"ಹಾಕಲ್ಲ."

"ಮತ್ತೆ ಕಿರಿಕಿರಿ ಮಾಡೋರನ್ನ?"

"ಹೊರಗೆ ಹಾಕ್ತೀನಿ. ಯಾಕೆ ಹಾಕಿದೆ ಅಂತ ಎಲ್ಲರ ಮುಂದೆ ಬರೆದು, ಕೆಳಗೆ ನನ್ನ ಹೆಸರು ಹಾಕ್ತೀನಿ."

"ಯಜಮಾನರೇ ಹೇಳಿದ್ರೂ?"

"ಹೇಳಿದವರ ಹೆಸರನ್ನೂ ಹಾಕ್ತೀನಿ."

ಹೆಚ್ಚಿನವರು ಎದ್ದು ಹೋಗುತ್ತಿದ್ದರು. ಅವನು ಬಾಗಿಲವರೆಗೆ ಬಂದು ಕಳಿಸಿಕೊಡುತ್ತಿದ್ದ. ಒಂದು ಸಲವೂ ಹಿಂದಕ್ಕೆ ಕರೆಯಲಿಲ್ಲ.

ಇಲ್ಲಿಗೆ ಗುರು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಅರವತ್ತು ಮನೆಗಳಲ್ಲಿ ಮುಂದಿನ ಬೆಳೆ ಉಳಿದದ್ದು ಹನ್ನೊಂದರದು. ಅವನು ಕಳೆದುಕೊಂಡದ್ದು ಅದಕ್ಕಿಂತ ಹೆಚ್ಚು" ಎಂದ.

"ಹೌದು" ಎಂದರು ಗುರು.

"ಆದರೂ ಅವನ ಪುಣ್ಯ. ಹೇಳಲು ಹೋದಾಗ ನಿಂತು ಕೇಳುವ ಒಬ್ಬ ಮುದುಕನಾದರೂ ಅವನಿಗೆ ಸಿಕ್ಕಿದ. ನಮ್ಮ ಸಂಘದಲ್ಲಿ ಇನ್ನೂರು ಜನರಿದ್ದಾರೆ. ನನ್ನ ಮಾತು ಬೇಕಾದವರು ಒಬ್ಬರೂ ಇಲ್ಲ."

ಗುರು ಒಂದೇ ಮಾತು ಕೇಳಿದರು.

"ಇಲ್ಲವೆಂದು ನಿನಗೆ ಹೇಳಿದವರು ಯಾರು?"